ಕುರುಡನ ದಿಬ್ಬ

ಹೋದ ಚಳಿಗಾಲದಲ್ಲಿ ಹಳದೀಪುರದ ಹುಡುಗಿಯೊಬ್ಬಳು ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಹೊನ್ನಾವರದ ನಮ್ಮ ಮನೆಗೆ ಬಂದಳು. ಇಪ್ಪತ್ತು ವರ್ಷದ ಹಿಂದೆ ನಾಲ್ಕನೇ ಇಯತ್ತೆಯಲ್ಲಿ ನಾನು ಅವಳಿಗೆ ಪಾಠ ಹೇಳಿದ್ದೆ. ಮಗ್ಗಿ ಕೇಳಿದರೆ ಕಿಟಕಿಯ ಹೊರಗೆ ನೋಡುತ್ತಿದ್ದವಳು. ಈಗ ಗೋವೆಯಲ್ಲಿ ಹಾಯಿದೋಣಿ ಓಡಿಸುವುದನ್ನು ಕಲಿತು, ಎರಡು ಪುಟ್ಟ ದೋಣಿ ತಂದು, ಶರಾವತಿ ಸಮುದ್ರ ಸೇರುವ ಕಡೆಯ ಹಿನ್ನೀರಿನಲ್ಲಿ ಬೇರೆ ಊರಿನಿಂದ ಬಂದವರಿಗೆ ಹಾಯಿ ಕಟ್ಟುವುದನ್ನು ಕಲಿಸುತ್ತಿದ್ದಾಳೆ. ನಮ್ಮೂರಿನವರು ಹಾಯಿ ತೊರೆದು ಮಶೀನು ಹಾಕಿಕೊಂಡು ಒಂದು ತಲೆಮಾರು ಕಳೆದ ಮೇಲೆ, ಈಗ ಹಾಯಿ ಕಲಿಯಲು ಜನ ರೈಲು ಹತ್ತಿ ಬರುತ್ತಾರೆ. ನನಗೆ ನಗು ಬಂತು. ಆದರೆ ಮನಸ್ಸಿನೊಳಗೆ ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ.

ಸುರುಳಿ ಬಿಚ್ಚಿದರೆ ಒಳಗೆ ಹೊಳೆಯ ನಕ್ಷೆ. ಹಾಯಿ ಬಿಡುವವರಿಗೆ ಬೇಕಾದದ್ದೆಲ್ಲ ಒಂದೇ ಹಾಳೆಯಲ್ಲಿ ಇರಬೇಕು ಎನ್ನುವುದು ಅವಳ ಆಸೆ. ಎಲ್ಲಿ ಆಳ, ಎಲ್ಲಿ ಮರಳು, ಸೇತುವೆಯ ಕೆಳಗೆ ಎಷ್ಟು ಎತ್ತರದ ಹಾಯಿಕಂಬ ಹಾಯುತ್ತದೆ, ಕರೆಂಟಿನ ತಂತಿ ಹೊಳೆಯನ್ನು ಎಲ್ಲಿ ದಾಟುತ್ತದೆ, ಎಲ್ಲಿ ದೋಣಿ ಕಟ್ಟಿ ಇಳಿದರೆ ಕುಡಿಯುವ ನೀರು ಸಿಗುತ್ತದೆ. ಬೇಸಿಗೆಗೆ ಮುಂಚೆ ಹತ್ತು ಹನ್ನೆರಡು ದೋಣಿಗಳ ಓಟದ ಒಂದು ಪಂಥ ಇಟ್ಟುಕೊಂಡಿದ್ದಾರೆ, ಅಷ್ಟರೊಳಗೆ ಕುಮಟೆಯ ಪ್ರೆಸ್ಸಿನಲ್ಲಿ ಅಚ್ಚಾಗಬೇಕು. ಮೇಲೆ ದೊಡ್ಡದಾಗಿ 'ಶರಾವತಿ ಸರೋವರ' ಎಂದು ಬರೆದಿದ್ದಳು.

“ಇದು ಸರೋವರ ಅಲ್ಲ ಮಾರಾಯ್ತಿ” ಎಂದೆ. “ಸರೋವರ ಇದ್ದಲ್ಲೇ ಇರ್ತದೆ. ಇದು ದಿನಕ್ಕೆ ಎರಡು ಸಲ ಸಮುದ್ರಕ್ಕೆ ಹೋಗಿ ಬರ್ತದೆ.”

“ಅದಕ್ಕೇ ನಿಮ್ಮಲ್ಲಿಗೆ ಬಂದದ್ದು ಅಕ್ಕೋರೇ” ಎಂದಳು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುವುದು ರೂಢಿ. “ಹೆಸರೆಲ್ಲ ನಿಮ್ಮ ಅಕ್ಷರದಲ್ಲೇ ಆಗ್ಬೇಕು. ನೀವು ಬೋರ್ಡ್ ಮೇಲೆ ಬರೀತಿದ್ರಲ್ಲ, ಹಂಗೆ. ಅಪಾಯದ ಜಾಗಕ್ಕೆಲ್ಲ ಎರಡೆರಡು ಸಾಲು ಎಚ್ಚರಿಕೆ ಬರೀಲಿಕ್ಕೆ ಜಾಗ ಬಿಟ್ಟಿದ್ದೆ.”

ಹೊಗಳಿದರೆ ಕರಗುವ ಸ್ವಭಾವ ನನ್ನದು. ಹೋದ ವರ್ಷವಷ್ಟೇ ಭಟ್ಕಳದ ಶಾಲೆಯಿಂದ ನಿವೃತ್ತಿಯಾಗಿ ಸೀಮೆಸುಣ್ಣ ಮುಟ್ಟದೆ ಕೈ ಜಡ್ಡುಗಟ್ಟಿತ್ತು. ಕನ್ನಡಕ ಏರಿಸಿ ಕೂತೆ. ಆ ಮೆಟ್ಟಿಲಲ್ಲಿ ಪಾಚಿ, ಇಳಿಯಬೇಡಿ ಎಂದು ಬರೆ. ಈ ತೆಂಗಿನ ತೋಟದ ಮರೆಗೆ ಬಂದರೆ ಗಾಳಿ ಥಟ್ಟನೆ ನಿಂತುಹೋಗುತ್ತದೆ, ಹೊಸಬರು ಗಾಬರಿಯಾಗುತ್ತಾರೆ. ಬೆಳಿಗ್ಗೆ ಮೂಡಗಾಳಿ, ಮಧ್ಯಾಹ್ನ ಊಟದ ಹೊತ್ತಿಗೆ ಗಾಳಿ ತಿರುಗಿ ಪಡುವಣದಿಂದ ಬೀಸುತ್ತದೆ, ಆ ನಡುವಿನ ಅರ್ಧ ಗಂಟೆ ಸುಮ್ಮನೆ ತಿಂಡಿ ತಿನ್ನಿ. ನಾನು ಹೇಳಿದೆ, ಅವಳು ಬರೆದುಕೊಂಡಳು. ಭರತ ಯಾವಾಗ ಎನ್ನುವುದನ್ನು ಅವಳ ಫೋನು ಕಾರವಾರದ ಬಂದರಿನ ಲೆಕ್ಕದಲ್ಲಿ ಹೇಳುತ್ತದಂತೆ. ಭರತ ಎಂದರೆ ಸಮುದ್ರದ ನೀರು ಏರಿ ಹೊಳೆ ತುಂಬುವ ಹೊತ್ತು. ನಮ್ಮ ಅಪ್ಪನಿಗೆ ಫೋನು ಬೇಕಿರಲಿಲ್ಲ, ತಿಥಿ ಹೇಳಿದರೆ ಸಾಕಿತ್ತು ಎಂದೆ. ಹಾಗೆಂದು ಜಂಬದಿಂದ ಹೇಳುತ್ತ ಬೆರಳು ನಕ್ಷೆಯ ಮೇಲೆ ಮುಂದೆ ಸರಿಯಿತು. ಕುರ್ವೆಯ, ಎಂದರೆ ಹೊಳೆ ನಡುವಿನ ನಡುಗಡ್ಡೆಯ, ತೆಂಕು ಬದಿಗೆ ಚುಕ್ಕಿ ಚುಕ್ಕಿ ಹಾಕಿ ಪೆನ್ಸಿಲಿನಲ್ಲಿ ಒಂದು ಹೆಸರು ಗೀಚಿದ್ದಳು: ಕುರುಡನ ದಿಬ್ಬ.

“ಬಲೆ ಹಾಕೋರು ಎಲ್ಲ ಹಾಂಗೇ ಹೇಳ್ತಾರೆ” ಎಂದಳು. “ಯಾವ ಕುರುಡ ಅಕ್ಕೋರೇ?”

“ನಂಗೆ ಗೊತ್ತಿಲ್ಲ” ಎಂದೆ.

ಸುಳ್ಳು ಹೇಳಿದ ಮಕ್ಕಳನ್ನು ನಲವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಅವತ್ತು ಆ ಹುಡುಗಿ ಹೋದ ಮೇಲೆ ನಕ್ಷೆ ಮೇಜಿನ ಮೇಲೆ ಹಾಗೇ ಉಳಿಯಿತು. ಉಳಿದ ಹೆಸರೆಲ್ಲ ಎರಡು ದಿನದಲ್ಲಿ ಬರೆದು ಮುಗಿಸಿದೆ. ಅದೊಂದನ್ನು ಬರೆಯಲು ಕೈ ಏಳಲಿಲ್ಲ. ಅಚ್ಚಾದರೆ ಅದು ಇನ್ನು ಬಾಯಿಮಾತಲ್ಲ. ನಮ್ಮಪ್ಪ ಕುರುಡ ಎಂದು ನಾನೇ ನನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟ ಹಾಗೆ. ಅಪ್ಪನ ಕಣ್ಣು ಸಾಯುವ ದಿನದವರೆಗೂ ಗಿಡುಗನ ಕಣ್ಣು. ಅದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಅಪ್ಪ, ಇನ್ನೊಬ್ಬಳು ನಾನು.

ನಾನು ಹತ್ತು ವರ್ಷದವಳಿದ್ದಾಗ ಅಪ್ಪ ಒಬ್ಬ ಒಡೆಯರ ಹಾಯಿದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದ. ಹೆಂಚು, ತೆಂಗಿನಕಾಯಿ, ಉಪ್ಪು, ಒಮ್ಮೊಮ್ಮೆ ಮದುವೆಯ ದಿಬ್ಬಣ, ಏನು ಹೇರಿದರೂ ಮೇಲಿನ ಹಳ್ಳಿಗಳಿಂದ ಹೊನ್ನಾವರದ ಬಂದರಿಗೆ, ಬಂದರಿನಿಂದ ಹಳ್ಳಿಗಳಿಗೆ. ಇಪ್ಪತ್ತು ವರ್ಷದ ನನ್ನ ಅಣ್ಣ ದೋಣಿಯಲ್ಲಿ ಹಾಯಿಯ ಹಗ್ಗ ಹಿಡಿಯುತ್ತಿದ್ದ. ಅಪ್ಪನಿಗೆ ಓದು ಬರೆಹ ಬರುತ್ತಿರಲಿಲ್ಲ, ಮುಕ್ಕಾಲು ಮಗ್ಗಿ ಮಾತ್ರ ಬಾಯಿಪಾಠ ಬರುತ್ತಿತ್ತು. ನಮ್ಮ ಹೊಳೆಯಲ್ಲಿ ಭರತದ ಹೊತ್ತು ತಿಳಿಯಲು ಅದಕ್ಕಿಂತ ಹೆಚ್ಚು ಬೇಡ. ಪಾಡ್ಯದಿಂದ ಎಷ್ಟನೇ ತಿಥಿಯೋ ಅದನ್ನು ಮುಕ್ಕಾಲಿನಿಂದ ಗುಣಿಸಿದರೆ ಅಷ್ಟು ಗಂಟೆಗೆ ಹೊಳೆ ತುಂಬುತ್ತದೆ. ಅಷ್ಟಮಿಗೆ ಎಂಟು ಮುಕ್ಕಾಲು ಆರು, ಆರು ಗಂಟೆಗೆ. ಒಂದು ತಿಥಿ ಮುಂದೆ ಹೋದರೆ ಭರತ ಮುಕ್ಕಾಲು ಗಂಟೆ ತಡ. ಚಂದ್ರನನ್ನು ನೋಡಿದರೆ ಹತ್ತಿರ ಹತ್ತಿರ ತಿಳಿಯುತ್ತದೆ, ಆದರೆ ಒಂದು ತಿಥಿಯ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೆ ಕ್ಯಾಲೆಂಡರ್ ಬೇಕು. ಓದಲು ಬರುವ ಅಣ್ಣ ರಾತ್ರಿ ದೋಣಿ ಕಾಯಲು ಬಂದರಿನಲ್ಲೇ ಮಲಗುವವ, ಹಾಗಾಗಿ ಕ್ಯಾಲೆಂಡರ್ ಓದಲು ನಾನು.

ಸಂಜೆ ಜಗಲಿಯಲ್ಲಿ ಕೂತು ಅಪ್ಪ ಕೇಳುತ್ತಿದ್ದ: “ನಾಳೆಗೆ ಎಂತ ತಿಥಿ?” ನಾನು ಒಳಗೆ ಓಡಿ, ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ನೋಡಿ ಬಂದು ಹೇಳುತ್ತಿದ್ದೆ. ಅವ ಕಣ್ಣು ಮುಚ್ಚಿ ಮಗ್ಗಿ ಗುಣುಗುಟ್ಟಿ “ಆತು” ಎನ್ನುತ್ತಿದ್ದ. ಅಷ್ಟೇ ಕೆಲಸ. ಆದರೆ ಆ ಕೆಲಸದ ಮೇಲೆ ನನ್ನ ಶಾಲೆ ನಿಂತಿತ್ತು. ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಹುಡುಗಿ ಶಾಲೆಗೆ ಹೋಗುವುದು ಕಣ್ಣಿಗೆ ಬಿದ್ದರಾಗದು. “ಮೂರನೇ ಇಯತ್ತೆ ಆತಲ್ಲ, ಸಾಕು. ಗದ್ದೆಗೆ ಬರ್ಲಿ” ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಅಪ್ಪನ ಉತ್ತರವೂ ಒಂದೇ: “ಅವ್ಳು ತಿಥಿ ಓದಿ ಹೇಳ್ಲಿಲ್ಲ ಅಂದ್ರೆ ನನ್ನ ದೋಣಿ ನಡೀತದ್ಯಾ? ಅವ್ಳು ಓದೂದು ನಂಗೇ ಬೇಕು.” ಅಜ್ಜಿ ಗೊಣಗಿಕೊಂಡು ಒಳಗೆ ಹೋಗುತ್ತಿದ್ದಳು. ಮಗನ ದೋಣಿಯ ಮಾತು ಬಂದರೆ ಅವಳ ಬಾಯಿ ಕಟ್ಟುತ್ತಿತ್ತು.

ಆ ಕಾಲದಲ್ಲಿ ಚಳಿಗಾಲಕ್ಕೊಂದು ಸಲ ದೋಣಿಯವರೆಲ್ಲ ಸೇರಿ ಪಂಥ ಕಟ್ಟುತ್ತಿದ್ದರು. ಮೇಲಿನ ಊರಿನಿಂದ ಬೆಳಕು ಹರಿಯುವ ಹೊತ್ತಿಗೆ ಹೊರಟು, ಮೂಡಗಾಳಿ ಹಿಡಿದು, ಖಾಲಿ ದೋಣಿಯಲ್ಲಿ ಬಂದರಿನವರೆಗೆ. ಗೆದ್ದವರಿಗೆ ಒಂದು ಬಾಳೆಗೊನೆ. ಆದರೆ ವರ್ಷವಿಡೀ ಬಂದರಿನಲ್ಲಿ ಅವರ ಮಾತಿಗೆ ಬೆಲೆ. ಅಪ್ಪ ನಾಲ್ಕು ವರ್ಷ ಸಾಲಾಗಿ ಗೊನೆ ತಂದಿದ್ದ. ಅವನ ಗುಟ್ಟು ಆ ದಿಬ್ಬ, ಆಗ ಅದಕ್ಕೆ ಹೆಸರಿರಲಿಲ್ಲ. ಉಳಿದವರು ಹೊಳೆಯ ನಡುವೆ ಆಳದಲ್ಲಿ ಬರುತ್ತಿದ್ದರು, ಅಲ್ಲಿ ಏರುವ ನೀರು ಎದುರಿಗೆ ಜೋರಾಗಿ ತಳ್ಳುತ್ತದೆ. ಅಪ್ಪ ಕುರ್ವೆಯ ತೆಂಕಿಗೆ ಸರಿದು, ಮರಳಿನ ಮೇಲಿನ ತೆಳು ನೀರಿನಲ್ಲಿ ಹಾಯುತ್ತಿದ್ದ. ಅಲ್ಲಿ ಎದುರು ಸೆಳೆತವಿಲ್ಲ. ಆದರೆ ಭರತಕ್ಕೆ ಒಂದೂವರೆ ಗಂಟೆ ಉಳಿದ ಮೇಲಷ್ಟೇ ಅವನ ದೋಣಿಗೆ ಬೇಕಾದಷ್ಟು ನೀರು ಅಲ್ಲಿ ಬರುತ್ತಿತ್ತು. ಬೇಗ ಹೋದರೆ ಮರಳು.

ಆ ವರ್ಷ ಪಂಥಕ್ಕೆ ಮುಂಚೆ ನಾಲ್ಕು ದಿನ ದೋಣಿಯನ್ನು ದಡಕ್ಕೆ ಎಳೆದು ಎಣ್ಣೆ ಹಚ್ಚಿದ್ದರು, ತಿಥಿ ಕೇಳುವ ಪ್ರಸಂಗ ಬಂದಿರಲಿಲ್ಲ. ಹಿಂದಿನ ಸಂಜೆ, ಮೇಲಿನ ಊರಿಗೆ ಹೊರಡುವ ಮುಂಚೆ ಅಪ್ಪ ಎಂದಿನಂತೆ ಕೇಳಿದ. ನಾನು ಬಾಗಿಲ ಹತ್ತಿರ ಕೂತು ಗಜ್ಜುಗ ಆಡುತ್ತಿದ್ದೆ. ಏಳಲು ಬೇಜಾರು. ಅಡುಗೆಮನೆಯಲ್ಲಿ ಆಯಿ, ಎಂದರೆ ನಮ್ಮ ಅಮ್ಮ, ಅಜ್ಜಿಯ ಹತ್ತಿರ “ನಾಳೆ ಏಕಾದಶಿ, ನಂಗೆ ಅಕ್ಕಿ ಇಡ್ಬೇಡಿ” ಎನ್ನುವುದು ಕೇಳಿತು. ಅದನ್ನೇ ಅಪ್ಪನಿಗೆ ದಾಟಿಸಿದೆ.

“ಏಕಾದಶಿ.”

“ನೋಡಿದ್ಯಾ?”

“ಹ್ಞೂಂ.”

“ಹನ್ನೊಂದು ಮುಕ್ಕಾಲು ಎಂಟೂಕಾಲು. ಆತು” ಎಂದ ಅಪ್ಪ.

ಆಯಿ ಏಕಾದಶಿಯ ಉಪವಾಸ ಕಲಿತದ್ದು ತಾನು ಮನೆಗೆಲಸಕ್ಕೆ ಹೋಗುತ್ತಿದ್ದ ಒಂದು ಮನೆಯಿಂದ. ಆ ಮನೆಯವರು ಏಕಾದಶಿ ಎರಡು ದಿನ ಬಿದ್ದರೆ ಎರಡನೇ ದಿನ ಮಾಡುವವರು. ತಿಥಿ ಲೆಕ್ಕದಲ್ಲಿ ಆ ದಿನ ದ್ವಾದಶಿ, ಉಪವಾಸ ಮಾತ್ರ ಏಕಾದಶಿಯದ್ದು. ದೊಡ್ಡವರಿಗೆಲ್ಲ ಇದು ಗೊತ್ತಿದ್ದ ಸಂಗತಿ. ಗಜ್ಜುಗ ಆಡುವವಳಿಗೆ ಗೊತ್ತಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದು ಗೋಡೆ ನೋಡಿದ್ದರೆ ತಿಳಿಯುತ್ತಿತ್ತು.

ಮಾರನೇ ಬೆಳಿಗ್ಗೆ ಬಂದರಿನಲ್ಲಿ ಜನರ ನಡುವೆ ನಿಂತು ನಾನೂ ನೋಡುತ್ತಿದ್ದೆ. ದೂರದಲ್ಲಿ ಅಪ್ಪನ ಹಾಯಿ ಎಲ್ಲರಿಗಿಂತ ಮುಂದೆ ಕಂಡಿತು, ತೆಂಕಿಗೆ ಸರಿಯಿತು. ಆಮೇಲೆ ನಿಂತುಬಿಟ್ಟಿತು. ಗಾಳಿ ತುಂಬಿದ ಹಾಯಿ ಅಲುಗದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಉಳಿದ ದೋಣಿಗಳು ಒಂದೊಂದಾಗಿ ಅದನ್ನು ದಾಟಿ ಬಂದವು, ಗೊನೆ ಯಾರಿಗೋ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಅಪ್ಪನ ದೋಣಿ ತಾನಾಗಿ ತೇಲಿಕೊಂಡು, ಕೊನೆಯದಾಗಿ ಬಂತು.

ಮೆಟ್ಟಿಲಲ್ಲಿ ಒಡೆಯರು ನಿಂತಿದ್ದರು. “ಎಂತ ಆತಾ? ಕಣ್ಣು ಕಟ್ಕೊಂಡು ಹೋಪ ಜಾಗ ಅದು ನಿಂಗೆ” ಎಂದರು. ಅಪ್ಪ ಜನರ ನಡುವೆ ನನ್ನನ್ನು ಹುಡುಕಿ ನೋಡಿದ. ನನ್ನ ಪಕ್ಕದಲ್ಲಿ ಅಜ್ಜಿಯೂ ಇದ್ದಳು. ಅವಳನ್ನೂ ನೋಡಿದ. ಆಮೇಲೆ ಒಡೆಯರ ಕಡೆ ತಿರುಗಿ, “ಕಣ್ಣೇ ಮಂಜಾಗ್ತಾ ಬಂತು, ಒಡೆಯಾ. ಗುರುತು ಕಾಣ್ಲಿಲ್ಲ” ಎಂದ.

ಯಾರೋ ಹಿಂದಿನಿಂದ ನಕ್ಕರು. ಅವತ್ತೇ ಆ ಮರಳಿಗೆ ಹೆಸರು ಬಿತ್ತು.

ನಾನು ಮನೆಗೆ ಓಡಿಹೋಗಿ ಕ್ಯಾಲೆಂಡರ್ ನೋಡಿದೆ. ದ್ವಾದಶಿ. ಸಂಜೆ ಜಗಲಿಯಲ್ಲಿ ಬೇರೆ ಯಾರೂ ಇಲ್ಲದಾಗ ಅಪ್ಪ ನನ್ನನ್ನು ಕರೆದ. “ಮುಕ್ಕಾಲು ಗಂಟೆ ಮರಳಿನ ಮೇಲೆ ಕೂತಿದ್ದೆ. ಆಮೇಲೆ ನೀರು ಬಂತು. ಮುಕ್ಕಾಲು ಗಂಟೆ ಅಂದ್ರೆ ಒಂದು ತಿಥಿ” ಎಂದ. ನಾನು ಅಳಲು ಸುರುಮಾಡಿದೆ. “ಅಳಬ್ಯಾಡ. ಯಾರ ಹತ್ರವೂ ಹೇಳಬ್ಯಾಡ. ಇನ್ನು ಮ್ಯಾಲೆ ನೋಡಿ ಹೇಳು” ಎಂದ. ಬೈಗುಳ ಅಷ್ಟೇ.

ನೋಡಿ ಹೇಳುವ ಪ್ರಸಂಗ ಮತ್ತೆ ಬರಲಿಲ್ಲ. ಮುಂದಿನ ವಾರವೇ ಒಡೆಯರು ಚುಕ್ಕಾಣಿಯನ್ನು ಅಣ್ಣನ ಕೈಗೆ ಕೊಟ್ಟರು. ಅಣ್ಣ ಗಡಿಯಾರ ನೋಡುವವ, ಓದಲು ಬರುವವ, ಅವನಿಗೆ ನನ್ನ ತಿಥಿ ಬೇಡ. ಆದರೂ ನನ್ನ ಪರೀಕ್ಷೆ ಮುಗಿದು ಮುಂದಿನ ಇಯತ್ತೆಗೆ ಹೆಸರು ಹಚ್ಚಿಯಾಯಿತು. “ಕಣ್ಣು ಕಾಣದವಂಗೆ ಓದಿ ಹೇಳೋರು ಬೇಕಲ್ಲ” ಎಂದು ಅಪ್ಪ ಅಜ್ಜಿಗೆ ಹೊಸ ಕಾರಣ ಕೊಟ್ಟ.

ಹೀಗೆ ಅಪ್ಪ ಮೊಬ್ಬುಗಣ್ಣಿನವನಾದ. ಒಮ್ಮೆ ಹೇಳಿದ ಮೇಲೆ ನಡೆಸಿಕೊಂಡು ಹೋಗಬೇಕಲ್ಲ, ಹಾಗಾಗಿ ಹನ್ನೊಂದು ವರ್ಷ ನಡೆಸಿದ. ಬಂದರಿನಲ್ಲಿ ಕೂತು ಹಾಯಿ ಹೊಲಿಯುವ ಕೆಲಸ ಹಿಡಿದ, ಸೂಜಿಗೆ ನೂಲು ಹಾಕಲು ಮಾತ್ರ ಯಾರನ್ನಾದರೂ ಕರೆಯುತ್ತಿದ್ದ. ಊರಿಗೆ ಕಣ್ಣಿನ ಶಿಬಿರ ಬಂದಾಗ ಅಣ್ಣ ಎಳೆದುಕೊಂಡು ಹೋದ. ಗೋಡೆಯ ಮೇಲಿನ ಅಕ್ಷರ ಓದು ಎಂದರಂತೆ. ಅಪ್ಪ ಓದಲಿಲ್ಲ, ಓದಲು ಬಂದರಲ್ಲವೇ. ದಪ್ಪ ಕನ್ನಡಕ ಬಂತು. ಅದನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೇಲಿನಿಂದ ನೋಡುತ್ತಿದ್ದ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಆ ಕನ್ನಡಕ ಗೂಡಿನಲ್ಲಿ. ತೆಂಗಿನ ಮರದ ತುದಿಯಲ್ಲಿ ಯಾವ ಕಾಯಿ ಬಲಿತಿದೆ ಎಂದು ಬೆರಳು ತೋರಿಸುತ್ತಿದ್ದ, ನನ್ನ ತಟ್ಟೆಯ ಮೀನಿನಿಂದ ಕೂದಲಿನಂಥ ಮುಳ್ಳು ಹೆಕ್ಕಿ ತೆಗೆಯುತ್ತಿದ್ದ. ನಾವಿಬ್ಬರೂ ಆ ಬಗ್ಗೆ ಒಂದು ಮಾತನ್ನೂ ಆಡಿದವರಲ್ಲ. ಈಗ ನೆನೆದರೆ ಆ ಮಧ್ಯಾಹ್ನಗಳೇ ನನ್ನ ಬಾಲ್ಯದ ಸುಖದ ಹೊತ್ತು ಎನಿಸುತ್ತದೆ, ಎನಿಸಿದ ಬೆನ್ನಿಗೇ ನಾಚಿಕೆಯಾಗುತ್ತದೆ. ಸಂಜೆಯಾದರೆ ಅವ ದೋಣಿ ನಿಲ್ಲುವ ಧಕ್ಕೆಯ ತುದಿಗೆ ಹೋಗಿ ಕೂತು, ಬರುವ ಹಾಯಿಗಳನ್ನು ನೋಡುತ್ತಿದ್ದ. ಜನ ಅವನಿಗೇನೂ ಕಾಣುವುದಿಲ್ಲ ಎಂದುಕೊಂಡು ಯಾವ ದೋಣಿ ಬಂತು ಎಂದು ಹೇಳಿ ಉಪಕಾರ ಮಾಡುತ್ತಿದ್ದರು.

ನಕ್ಷೆಯ ಹುಡುಗಿ ಹದಿನೈದು ದಿನ ಕಾದಳು. ಆಮೇಲೆ ಫೋನು ಮಾಡಿ, ದಿಬ್ಬದ ಆಳ ಅಳೆಯಲು ಹೋಗೋಣ, ಅಜ್ಜನನ್ನೂ ಕರೆಯಿರಿ ಎಂದಳು. ಅಜ್ಜ ಎಂದರೆ ನನ್ನ ಅಣ್ಣ, ಈಗ ಎಪ್ಪತ್ತೊಂದು ವರ್ಷ. ಹೊಳೆಯ ವಿಷಯದಲ್ಲಿ ಅವನನ್ನು ಯಾರು ಕರೆದರೂ ಅಂಗಿ ಹಾಕಿಕೊಂಡು ಹೊರಡುತ್ತಾನೆ. ಒಂದು ಬೆಳಿಗ್ಗೆ ಇಳಿತದ ಹೊತ್ತಿಗೆ ಅವನ ದೋಣಿಯಲ್ಲೇ ಮೂವರು ಹೋದೆವು. ಅವ ಮಶೀನು ನಿಲ್ಲಿಸಿ ಬಿದಿರಿನ ಗಳ ಇಳಿಸಿ, “ಇಲ್ಲಿ ಎರಡು ಗೇಣು. ಇಲ್ಲಿ ಒಂದೂವರೆ” ಎನ್ನುತ್ತಿದ್ದ. ಹುಡುಗಿ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು. ನೀರು ತಿಳಿಯಾಗಿತ್ತು, ಮರಳಿನ ಮೇಲೆ ಸಣ್ಣ ಏಡಿಗಳು ಓಡುವುದು ಕಾಣುತ್ತಿತ್ತು.

“ಯಾರು ಅಜ್ಜ ಆ ಕುರುಡ?” ಎಂದು ಅವಳು ಕೇಳಿದಳು.

“ನಮ್ಮ ಅಪ್ಪ” ಎಂದ ಅಣ್ಣ, ಗಳದಿಂದ ಕಣ್ಣು ತೆಗೆಯದೆ. “ಹೊಳೆ ಅವಂಗೆ ಅಂಗೈ ಇದ್ದಂಗೆ. ಕಣ್ಣು ಹೋತು, ಇಲ್ಲಿ ತಾಗಿಸ್ದ. ಆಮೇಲೆ ಚುಕ್ಕಾಣಿ ಮುಟ್ಲಿಲ್ಲ. ನಾನೇ ಹಿಡ್ದೆ.”

ಹುಡುಗಿ ನನ್ನ ಕಡೆ ತಿರುಗಿದಳು. ಗೊತ್ತಿಲ್ಲ ಎಂದಿದ್ದಿರಲ್ಲ ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹಾರಿಕೆಯ ಉತ್ತರ ಹೊಳೆಯುತ್ತಿತ್ತೇನೋ. ಶಿಷ್ಯೆಯ ಎದುರು ಸಿಕ್ಕಿಬಿದ್ದು ನನಗೆ ಬೇರೆ ದಾರಿ ಉಳಿಯಲಿಲ್ಲ. ಗಜ್ಜುಗ, ಆಯಿಯ ಉಪವಾಸ, ದ್ವಾದಶಿ, ಮುಕ್ಕಾಲು ಗಂಟೆ, ಎಲ್ಲ ಹೇಳಿದೆ. ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೇಳಿ ಮುಗಿಸಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

ಅಣ್ಣ ಗಳವನ್ನು ಎತ್ತಿ ದೋಣಿಗೆ ಅಡ್ಡ ಇಟ್ಟ.

“ದಿನಾ ನಾ ಅವನ ಕೈ ಹಿಡ್ಕಂಡು ಹೈವೇ ದಾಟಿಸ್ತಿದ್ದೆ” ಎಂದ. “ಹನ್ನೊಂದು ವರ್ಷ. ಲಾರಿ ಬಂದ್ರೆ ನನಗಿಂತ ಮೊದ್ಲು ಅವನೇ ನಿಲ್ತಿದ್ದ. ಕಿವಿ ಚುರುಕು ಅಂತ ಮಾಡಿದ್ದೆ.”

“ಅಜ್ಜಿ ನನ್ನ ಶಾಲೆ ಬಿಡಿಸ್ತಿದ್ಳು ಅಣ್ಣಾ” ಎಂದೆ. ನನ್ನ ಹತ್ತಿರ ಇದ್ದದ್ದು ಆ ಒಂದೇ ಉತ್ತರ.

“ಅಜ್ಜಿ ಹೋದದ್ದು ನೀ ಆರನೇ ಇಯತ್ತೆಲಿ ಇದ್ದಾಗ.”

ಅವ ಸಿಟ್ಟು ಮಾಡಿ ಹೇಳಲಿಲ್ಲ. ಗಳದಿಂದ ನೀರಿನ ಆಳ ಹೇಳಿದ ಹಾಗೆಯೇ ಹೇಳಿದ. ಅಜ್ಜಿ ಸತ್ತ ಮೇಲೆ ನನ್ನ ಶಾಲೆ ಬಿಡಿಸುವವರು ಯಾರೂ ಇರಲಿಲ್ಲ. ಆಗ ಹೇಳಬಹುದಿತ್ತು. ಒಡೆಯರು ಅಪ್ಪನನ್ನು ಮತ್ತೆ ಕರೆಯುತ್ತಿದ್ದರು, ಅಂಥ ಕೈ ಅವರಿಗೂ ಬೇಕಿತ್ತು. ಅಪ್ಪ ಹೇಳಬೇಡ ಎಂದಿದ್ದ, ನಿಜ. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಓದುವ ಹುಡುಗಿ, ಜಾಣೆ ಎಂದು ಊರವರು ಹೇಳುತ್ತಿದ್ದರು, ಆ ಹೆಸರು ಕೆಡುವುದು ನನಗೆ ಬೇಡವಾಗಿತ್ತು. ಮೊದಲ ಸಂಬಳದ ದಿನ ಸಿಹಿ ತಂದಾಗ ಅಪ್ಪ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತಿದ್ದ. ಅವತ್ತೂ ನಾನು ಹೇಳಲಿಲ್ಲ.

“ಹೇಳಿದ್ರೆ ಅಪ್ಪ ಇನ್ನೂ ಒಂಬತ್ತು ವರ್ಷ ಹಾಯಿ ಬಿಡ್ತಿದ್ದ” ಎಂದ ಅಣ್ಣ. ಆಮೇಲೆ ಮಶೀನು ಸುರುಮಾಡಿ ದೋಣಿ ತಿರುಗಿಸಿದ.

ಹುಡುಗಿ ಪಾಪ, ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಳು. ದೋಣಿ ತಿರುಗಿದ ಮೇಲೆ ಮೆಲ್ಲಗೆ, “ಹೆಸರು ಬದಲಿಸ್ವನಾ ಅಕ್ಕೋರೇ? ಇಲ್ಲಾ ಬಿಟ್ಟೇ ಬಿಡ್ವ” ಎಂದಳು. ಬದಲಿಸೋಣ ಎನ್ನಲು ನಾನು ಬಾಯಿ ತೆರೆದಿದ್ದೆ. ಅಣ್ಣ ಬಿಡಲಿಲ್ಲ.

“ಬ್ಯಾಡ. ಬಲೆ ಹಾಕೋರೆಲ್ಲ ಕುರುಡನ ದಿಬ್ಬ, ಕುರುಡನ ದಿಬ್ಬ ಅಂತ್ಲೇ ಕೂಗೂದು. ನಕ್ಷೆಲಿ ಬ್ಯಾರೆ ಹೆಸರಿದ್ರೆ ಹೊಸಬರಿಗೆ ಎಂತ ತಿಳೀತದೆ? ಹೋಗಿ ತಾಗಿಸ್ಕಂತಾರೆ. ಅದೇ ಹೆಸರು ಬರೀಲಿ.” ಆಮೇಲೆ ನನ್ನ ಕಡೆ ನೋಡದೆ, “ನೀನೇ ಬರಿ” ಎಂದ.

ಅವ ಹೇಳಿದ್ದು ಸರಿ. ಹೊಳೆಯ ಮೇಲೆ ಇರುವವರಿಗೆ ನನ್ನ ನಾಚಿಕೆಯಿಂದ ಏನೂ ಉಪಯೋಗವಿಲ್ಲ, ಎಲ್ಲರ ಬಾಯಲ್ಲಿರುವ ಹೆಸರೇ ಬೇಕು. ಮನೆಗೆ ಬಂದು, ಕೈ ಒರೆಸಿಕೊಂಡು, ಬೋರ್ಡಿನ ಮೇಲೆ ಬರೆಯುವ ಹಾಗೆ ಒಂದೊಂದೇ ಅಕ್ಷರ ದುಂಡಗೆ ಬರೆದೆ: ಕುರುಡನ ದಿಬ್ಬ. ಪಕ್ಕದಲ್ಲಿ ಎಚ್ಚರಿಕೆಗೆ ಎರಡು ಸಾಲಿನ ಜಾಗವಿತ್ತು. ಮೊದಲ ಸಾಲಿನಲ್ಲಿ, ಭರತಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಬಾಕಿ ಇದ್ದರೆ ಇಲ್ಲಿ ಹಾಯಬೇಡಿ ಎಂದು ಬರೆದೆ. ಎರಡನೆಯದರಲ್ಲಿ, ಇಲ್ಲಿ ದೋಣಿ ತಾಗಿಸಿದವನಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು, ಮಗಳು ತಿಥಿ ತಪ್ಪು ಹೇಳಿದ್ದಳು ಎಂದು ಬರೆದೆ.

ಹುಡುಗಿ ಪ್ರೆಸ್ಸಿಗೆ ಒಯ್ಯಲು ಬಂದವಳು ನಿಂತೇ ಓದಿದಳು.

“ಎರಡನೇ ಸಾಲು ಹಾಯಿ ಬಿಡೋರಿಗೆ ಬೇಕಾ ಅಕ್ಕೋರೇ?”

“ಅವರಿಗೆ ಬ್ಯಾಡ” ಎಂದೆ. “ಇರ್ಲಿ.”